ಮುದ್ದೆಯನ್ನು ಯಾರೂ ಅಗಿಯುವುದಿಲ್ಲ

ಜೂನ್ 9, ಸೋಮವಾರ

ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡುವ ಗಂಡಸರನ್ನೆಲ್ಲ ಒಂದೇ ಬಸ್ಸಿಗೆ ತುಂಬಿ, ಜಲಪಾತದ ಪಕ್ಕದ ಬ್ಲಫ್‌ನ ಕೊನೇ ಸ್ಟಾಪಿನಲ್ಲಿ ಇಳಿಸಿ, ಖಾಲಿ ಬಸ್ಸು ವಾಪಸ್ ತರಬೇಕು. ಇವತ್ತು ಬೆಳಿಗ್ಗೆ ನನ್ನ ಗಂಡ ಮಹದೇವು, ಇನ್ನು ಕುಡಿಯಲ್ಲ ಅಂತ ಮತ್ತೆ ಆಣೆ ಮಾಡಿದ. ಹತ್ತನೆಯದೋ ಹನ್ನೊಂದನೆಯದೋ, ಲೆಕ್ಕ ತಪ್ಪಿದೆ. ತೇಜು ಜಡೆ ಹಾಕಿಕೊಂಡು ಸ್ಕೂಲಿಗೆ ಹೊರಟು ನಿಂತಿದ್ದಳು. ತಲೆ ತಪ್ಪಿಸಿಕೊಂಡು, "ಕೂದ್ಲು ಕೆದರ್ತದೆ, ಬುಡಪ್ಪ" ಅಂದಳು. ಹತ್ತನೇ ಕ್ಲಾಸಿನ ಹುಡುಗಿಗೆ ಅಪ್ಪನ ಆಣೆಗಿಂತ ಜಡೆಯ ಮೇಲೆ ನಂಬಿಕೆ ಜಾಸ್ತಿ.

ನಿನ್ನೆ ಸಂಜೆ ಬೈಕ್ ಸಮೇತ ಚರಂಡಿಗೆ ಬಿದ್ದಿದ್ದ. ಶಿವಣ್ಣ ಎತ್ತಿ ತಂದು ಜಗಲಿಗೆ ಒರಗಿಸಿ ಹೋದರು. ಮಳವಳ್ಳಿಯಲ್ಲಿ ಇವನದು ಸುಟ್ಟ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ. ಶಿವಣ್ಣ ಹದಿನಾಲ್ಕು ವರ್ಷದಿಂದ ಜೊತೆಗಿರುವವರು, ಬೋರ್‌ವೆಲ್‌ನಿಂದ ಮೋಟರ್ ಎತ್ತುವುದರಲ್ಲಿ ಎತ್ತಿದ ಕೈ. ಈಗ ಇವನನ್ನು ಎತ್ತುವ ಕೆಲಸವೂ ಸೇರಿಕೊಂಡಿದೆ.

ಫೆಬ್ರವರಿಯಲ್ಲಿ ಮಂಡ್ಯದ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆ. ಡೈಸಲ್ಫಿರಾಮ್ ಎಂಬ ಮಾತ್ರೆ ಬರೆದರು. ಇದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಡವಡವ ಹೊಡೆದುಕೊಂಡು, ವಾಂತಿಯಾಗಿ, ಬಿ.ಪಿ. ಇಳಿದುಬಿಡುತ್ತದೆ, ಜೀವಕ್ಕೇ ಬರಬಹುದು, ಅದಕ್ಕೇ ತಿನ್ನುವವರಿಗೆ ಗೊತ್ತಿಲ್ಲದೆ ಯಾವತ್ತೂ ಕೊಡಬಾರದು ಎಂದು ಬಿಡಿಸಿ ಹೇಳಿದರು. ಕೊನೆಯ ಮಾತನ್ನು ನನ್ನ ಮುಖ ನೋಡಿಕೊಂಡು ಎರಡು ಸಲ ಹೇಳಿದರು. ಹತ್ತೊಂಬತ್ತು ದಿನ ನನ್ನ ಕೈಯಿಂದಲೇ ತಗೊಂಡು, ನುಂಗಿ, ಬಾಯಿ ಬಿಟ್ಟು ತೋರಿಸಿದ. ಇಪ್ಪತ್ತನೇ ದಿನ, "ನಾನೇನ್ ಇಸ್ಕೂಲ್ ಐಕ್ಳಾ, ಬಾಯ್ ತಗ್ದು ತೋರ್ಸಾಕೆ?" ಅಂತ ಎದ್ದುಹೋದ. ಉಳಿದ ಮಾತ್ರೆ ರಾಗಿಹಿಟ್ಟಿನ ಡಬ್ಬದ ಹಿಂದೆ ಬಿದ್ದಿದೆ.

ದಿನವಿಡೀ ಬಸ್ಸಿನಲ್ಲಿ "ಒಳಗೆ ನಡೀರಿ, ಒಳಗೆ ನಡೀರಿ" ಅಂತ ಕೂಗಿ ಬಂದ ನನ್ನಂಥ ಕಂಡಕ್ಟರ್ ಬಾಯಿಗೆ ಮನೆಯಲ್ಲಿ ಜಗಳ ಆಡುವ ತಾಕತ್ತು ಉಳಿಯುವುದಿಲ್ಲ. ಅದಕ್ಕೇ ಈ ಪುಸ್ತಕ.

ಜೂನ್ 12, ಗುರುವಾರ

ಮೂರು ದಿನ ಕುಡಿದಿಲ್ಲ. ಲೋಟ ಹಿಡಿದರೆ ಕಾಫಿ ತಟ್ಟೆಗೆ ಚೆಲ್ಲುತ್ತಾನೆ. ನಾಲ್ಕನೇ ದಿನ ಏನಾಗುತ್ತದೆಂದು ನನಗೆ ಗೊತ್ತು, ಪ್ರತಿ ಆಣೆಯೂ ನಾಲ್ಕನೇ ದಿನಕ್ಕೆ ಸಾಯುತ್ತದೆ.

ನಿನ್ನೆ ಊಟದ ಹೊತ್ತಿಗೆ ತೇಜು ಉಪ್ಸಾರಿಗೆ ಮುದ್ದೆ ಅದ್ದಿ ನುಂಗುವುದನ್ನು ನೋಡುತ್ತ ಕೂತಿದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ನಾಲಿಗೆಗೆ ರುಚಿ ಹತ್ತುವುದರೊಳಗೆ ಗಂಟಲು ದಾಟಿರುತ್ತದೆ. ಇಷ್ಟು ದಿನ ಈ ಯೋಚನೆ ಬರದಿದ್ದದ್ದೇ ಆಶ್ಚರ್ಯ.

ಬೆಳಿಗ್ಗೆ ಒಂದು ಮಾತ್ರೆ ಪುಡಿ ಮಾಡಿ, ಅಂಗಡಿಗೆ ಒಯ್ಯುವ ಬಾಕ್ಸಿನ ಮುದ್ದೆಯ ನಡುವೆ ಇಟ್ಟು ಕಟ್ಟಿಬಿಟ್ಟೆ. ಡಾಕ್ಟರು ಹೇಳಿದ್ದು ನೆನಪಿದೆ. ಡಾಕ್ಟರು ಇವನ ಜೊತೆ ಸಂಸಾರ ಮಾಡಿಲ್ಲ. ಕುಡಿಯದಿದ್ದರೆ ಏನೂ ಆಗುವುದಿಲ್ಲ, ಕುಡಿದರೆ ಒಂದು ಸಲ ಬುದ್ಧಿ ಬರುತ್ತದೆ, ಅಷ್ಟೇ.

ಜೂನ್ 15, ಭಾನುವಾರ

ಐದಾರು ದಿನ ಆಯಿತು, ಕುಡಿದಿಲ್ಲ. ಮಾತ್ರೆ ಕೆಲಸ ಮಾಡುತ್ತಿದೆ. ನಿನ್ನೆ ತಾಮ್ರದ ತಂತಿ ತರಬೇಕು ಅಂತ ಮಂಡ್ಯಕ್ಕೆ ಹೋಗಿದ್ದ. ಅಲ್ಲೂ ಕುಡಿಯದೆ ಬಂದಿದ್ದಾನೆ. ಬಾಯಿ ಮೂಸಿ ನೋಡಿದೆ.

ಜೂನ್ 21, ಶನಿವಾರ

ಬೆಳಿಗ್ಗೆ ಒಗ್ಗರಣೆ ಹಾಕಿದರೆ ಮೂಗು ಮುಚ್ಚಿಕೊಂಡು ಹೊರಗೆ ಹೋಗುತ್ತಾನೆ. ಆಕಳಿಸುತ್ತಾನೆ. ತಿಂಡಿ ಬೇಡ. ಬಸುರಿ ಹೆಂಗಸಿನ ಹಾಗೆ ಹೊಟ್ಟೆ ತೊಳಸುತ್ತದಂತೆ. ಎರಡೆರಡು ಸಲ ಹಲ್ಲುಜ್ಜುತ್ತಾನೆ. ಏನನ್ನೋ ಮುಚ್ಚಿಡುವವರು ತಾನೇ ಎರಡು ಸಲ ಹಲ್ಲುಜ್ಜುವುದು? ಮೂಸಿ ನೋಡಿದೆ, ಪೇಸ್ಟಿನ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೂ ಸಿಟ್ಟು ಬಂತು.

ಒಂದು ಸಮಾಧಾನ, ಬಾಕ್ಸು ಮಾತ್ರ ದಿನಾ ಖಾಲಿಯಾಗಿ ಬರುತ್ತಿದೆ.

ಜೂನ್ 23, ಸೋಮವಾರ

ಶಿವಣ್ಣ ಅಂಗಡಿಗೆ ಬಂದಿಲ್ಲವಂತೆ. ನಿನ್ನೆ ತಂಗಿಯ ಮನೆಯಲ್ಲಿ ಮೀನು ತಿಂದು ಒಂದು ಬಿಯರ್ ಕುಡಿದರಂತೆ, ಮುಖವೆಲ್ಲ ಕೆಂಪಾಗಿ ವಾಂತಿ ಮಾಡಿಕೊಂಡು ಮಲಗಿದರಂತೆ. ಮೀನು ಕೆಟ್ಟಿತ್ತು ಅಂತ ತಂಗಿಗೆ ಬೈದು ಬಂದಿದ್ದಾರೆ. ಅವರೇನು ದಿನಾ ಕುಡಿಯುವವರಲ್ಲ, ಹಬ್ಬಕ್ಕೋ ಬಾಡೂಟಕ್ಕೋ ಕುಡಿಯುವವರು. ಮಹದೇವು ಇದನ್ನು ಅರ್ಧ ಗಂಟೆ ಹೇಳಿದ. ಬೇರೆಯವರ ಹೊಟ್ಟೆಯ ಕಥೆ ಕೇಳಲು ನನಗೆ ಪುರುಸೊತ್ತಿಲ್ಲ. ಎಂಟು ತಾಸು ನಿಂತ ಕಾಲು ಊದಿಕೊಂಡಿದೆ.

ಜೂನ್ 28, ಶನಿವಾರ

ಮಾತ್ರೆ ಮುಗಿಯುತ್ತ ಬಂತು. ಬಸ್ಸು ಮದ್ದೂರಿನಲ್ಲಿ ಹತ್ತು ನಿಮಿಷ ನಿಲ್ಲುವಾಗ ಎದುರಿನ ಮೆಡಿಕಲ್ಸ್‌ಗೆ ಓಡಿದೆ. ಹಳೇ ಚೀಟಿ ನೋಡಿದವನು, ಫೆಬ್ರವರಿಯದು, ಹೊಸದು ಬರೆಸಿಕೊಂಡು ಬನ್ನಿ ಅಂದ. ಮಂಡ್ಯದಲ್ಲಿ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗಿ, ಯಾರಿಗೆ ಅಂದಳು. ತಮ್ಮನಿಗೆ ಅಂದೆ. ನನಗೆ ತಮ್ಮನೇ ಇಲ್ಲ. ಅವರಿಗೆ ಗೊತ್ತು ತಾನೇ ಅಂದಳು, ಗೊತ್ತು ಅಂದೆ. ಎರಡು ಸ್ಟ್ರಿಪ್ ಕೊಟ್ಟಳು. ಯೂನಿಫಾರ್ಮ್ ಹಾಕಿಕೊಂಡವರು ಸುಳ್ಳು ಹೇಳುತ್ತಾರೆಂದು ಜನ ತಿಳಿಯುವುದಿಲ್ಲ.

ಇವೆರಡು ಮುಗಿದರೆ ಸಾಕು. ಆಮೇಲೆ ನಿಲ್ಲಿಸಿಬಿಡುತ್ತೇನೆ.

ಜುಲೈ 5, ಶನಿವಾರ

ಅಂಗಿ ತೊಳೆಯುವಾಗ ಜೇಬಿನಲ್ಲಿ ಖಾಸಗಿ ಬಸ್ಸಿನ ಮಂಡ್ಯ ಟಿಕೆಟ್ ಸಿಕ್ಕಿತು. ಹೆಂಡತಿ ಸರ್ಕಾರಿ ಬಸ್ಸಿನಲ್ಲಿ ಅದೇ ದಾರಿಯಲ್ಲಿ ಓಡಾಡುತ್ತಿರುವಾಗ ಇವನು ಖಾಸಗಿ ಬಸ್ಸು ಹತ್ತಿದ್ದಾನೆ. ಡಿಪೋದ ದೀಪಿಕಳೂ, ನಿಮ್ಮೆಜಮಾನ್ರನ್ನ ಮಂಡ್ಯದಲ್ಲಿ ಕಂಡೆ ಕಣಕ್ಕ ಅಂದಿದ್ದಳು. ಕೇಳಿದರೆ ಮತ್ತೆ ತಾಮ್ರದ ತಂತಿ. ಹದಿನೈದು ದಿನಕ್ಕೊಮ್ಮೆ ತರುವಷ್ಟು ತಂತಿ ಇದ್ದರೆ ಮಳವಳ್ಳಿಯನ್ನೇ ಸುತ್ತಿಬಿಡಬಹುದು.

ಕುಡಿತ ನಿಂತಿದೆ ಅಂತ ನೆಮ್ಮದಿಯಾಗುವ ಹೊತ್ತಿಗೆ ಇದೊಂದು ಶುರುವಾಯಿತು. ಬೈಕಿನ ಡಿಕ್ಕಿ, ಹಳೇ ಪ್ಯಾಂಟು, ಟೂಲ್ ಬಾಕ್ಸು ಎಲ್ಲ ಹುಡುಕಿದೆ. ಏನೂ ಇಲ್ಲ.

ಜುಲೈ 11, ಶುಕ್ರವಾರ

ತೇಜು ನೀರು ಕುಡಿಯಲು ಅಡುಗೆಮನೆಗೆ ಬಂದಳು. ನಾನು ಬೆಚ್ಚಿ ಡಬ್ಬ ಕೆಳಗೆ ಬೀಳಿಸಿದೆ, ಹಿಟ್ಟೆಲ್ಲ ಚೆಲ್ಲಿತು. "ಯಾಕಮ್ಮ ಅಂಗ್ ಬೆಚ್ಬಿದ್ದೆ?" ಅಂದಳು. ಓದಿಕೊಳ್ಳುವುದು ಬಿಟ್ಟು ಇಲ್ಲೇನು ಕೆಲಸ ಅಂತ ಬೈದು ಕಳಿಸಿದೆ. ಅತ್ತಳು. ಸ್ಟ್ರಿಪ್ಪನ್ನು ಈಗ ಟಿಕೆಟ್ ಬ್ಯಾಗಿನ ಒಳಜೇಬಿನಲ್ಲಿ ಇಟ್ಟಿದ್ದೇನೆ.

ಜುಲೈ 18, ಶುಕ್ರವಾರ

ಎರಡು ದಿನದ ವೈಂಡಿಂಗ್ ಒಂದೇ ದಿನದಲ್ಲಿ ಮುಗಿಸಿದನಂತೆ. ಮಾದೇವಣ್ಣನ ಕೈ ಮೊದಲಿನ ಹಾಗೆ ಆಗಿದೆ ಅಂತ ಮೋಟರ್ ಒಯ್ಯಲು ಬಂದ ರೈತರೊಬ್ಬರು ಹೇಳಿದರಂತೆ. ಸಂಜೆ ತೇಜುವಿಗೆ ವಿಜ್ಞಾನದ ಚಿತ್ರ ಬರೆದುಕೊಟ್ಟ. ಗೆರೆ ನೆಟ್ಟಗಿತ್ತು. ಅಪ್ಪ ಮಗಳು ನಗುತ್ತಿದ್ದರು. ನಾನು ಪಾತ್ರೆ ತೊಳೆದೆ. ಹೊಗಳಿಕೆ ಅವನಿಗೆ, ಕೆಲಸ ನನ್ನದು.

ಇನ್ನೆರಡು ಸ್ಟ್ರಿಪ್ ತಂದಿದ್ದೇನೆ. ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ನಿಲ್ಲಿಸುವುದು ದಡ್ಡತನ.

ಜುಲೈ 24, ಗುರುವಾರ, ಭೀಮನ ಅಮಾವಾಸ್ಯೆ

ರಜೆ ಹಾಕಿ ಗಂಡನ ಪಾದಪೂಜೆ ಮಾಡಿದೆ. ಅವನ ಆಯಸ್ಸು ಗಟ್ಟಿಯಾಗಿರಲಿ ಅಂತ ಬೇಡಿಕೊಂಡೆ. ಪಾದಕ್ಕೆ ಅರಿಶಿನ ಹಚ್ಚುವಾಗ ಮೇಲಿಂದ ಮೆಲ್ಲಗೆ ಹೇಳಿದ: "ನಲ್ವತ್ತಾರ್ ದಿನ ಆಯ್ತು. ನೀನೊಂದ್ ಮಾತೂ ಆಡ್ನಿಲ್ಲ."

ತಲೆ ಎತ್ತಲಿಲ್ಲ. ನೀನು ಬಿಟ್ಟದ್ದಲ್ಲ, ನಾನು ಬಿಡಿಸಿದ್ದು ಅಂತ ಬಾಯಿತುದಿಗೆ ಬಂತು. ಕಡುಬು ಆರಿಹೋಗುತ್ತೆ ಏಳು ಅಂದೆ. ಅವನ ಮುಖ ಸಣ್ಣಗಾಯಿತು. ಗಂಡಸರಿಗೆ ಕುಡಿದರೂ ಉಪಚಾರ ಬೇಕು, ಬಿಟ್ಟರೂ ಉಪಚಾರ ಬೇಕು.

ಜುಲೈ 28, ಸೋಮವಾರ

ನಿನ್ನೆಯದು ಬರೆಯಬೇಕು. ಕೈ ಓಡುತ್ತಿಲ್ಲ.

ಆಷಾಢ ಮುಗಿದದ್ದೇ ತಡ, ಹೊಳಲಿನಲ್ಲಿ ಶಿವಣ್ಣನ ಮಗಳ ಮನೆಯಲ್ಲಿ ಮೊಮ್ಮಗುವಿಗೆ ಕಿವಿ ಚುಚ್ಚುವ ಬಾಡೂಟ. ನಾವು ಮೂವರೂ ಹೋಗಿದ್ದೆವು. ಮಧ್ಯಾಹ್ನ ಗಂಡಸರೆಲ್ಲ ಶಾಮಿಯಾನದ ಹಿಂದಕ್ಕೆ ಹೋದರು. ನನ್ನ ಕಣ್ಣೆಲ್ಲ ಮಹದೇವು ಮೇಲೆ. ಅವನು ಹೋಗಲಿಲ್ಲ, ನೀರಿನ ಜಗ್ಗು ಹಿಡಿದುಕೊಂಡು ಪಂಕ್ತಿಯಲ್ಲಿ ಬಡಿಸುತ್ತಿದ್ದ.

ಕೂಗು ಕೇಳಿ ಓಡಿದೆವು. ಶಿವಣ್ಣ ನೆಲದ ಮೇಲಿದ್ದರು. ಮುಖ, ಕತ್ತು, ಎದೆ ಕೆಂಪು ಕೆಂಪು. ವಾಂತಿ. ಉಸಿರಿಗೆ ಒದ್ದಾಡುತ್ತಿದ್ದರು. ಎಣ್ಣೆ ಕೆಟ್ಟದ್ದು ಅಂತ ಒಬ್ಬ, ಹಾರ್ಟು ಅಂತ ಇನ್ನೊಬ್ಬ. ನನಗೆ ಫೆಬ್ರವರಿಯಲ್ಲಿ ಡಾಕ್ಟರು ಬೆರಳು ಮಡಿಸಿ ಹೇಳಿದ ಪಟ್ಟಿ ಒಂದೊಂದಾಗಿ ಕಣ್ಣ ಮುಂದೆ ಕಾಣುತ್ತಿತ್ತು. ಆದರೆ ಇದು ಶಿವಣ್ಣ. ಇವರಿಗೆ ಹೇಗೆ?

ತೇಜುವನ್ನು ಅಲ್ಲೇ ಬಿಟ್ಟು ಕಾರಿನಲ್ಲಿ ಮಂಡ್ಯಕ್ಕೆ ಹೊರಟೆವು. ಶಿವಣ್ಣನ ಹೆಂಡತಿ ಹೊಂಬಾಳಮ್ಮ ಗಂಡನ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಹಿಂದೆ ಕೂತಿದ್ದರು, ಮುಂದಿನ ಸೀಟಿನಲ್ಲಿ ಒತ್ತಿಕೊಂಡು ನಾವಿಬ್ಬರು. ಶಿವಣ್ಣ ಮಧ್ಯಾಹ್ನ ಅಂಗಡಿಯಲ್ಲಿ ಏನು ತಿನ್ನುತ್ತಾರೆ ಅಂತ ಮಹದೇವುವನ್ನು ಕೇಳಿದೆ. ಇದೇನು ಕೇಳುವ ಹೊತ್ತಾ ಎನ್ನುವ ಹಾಗೆ ನೋಡಿದ. ಮತ್ತೆ ಕೇಳಿದೆ.

"ನನ್ ಬಾಕ್ಸಿನ್ ಮುದ್ದೆ. ನಂಗೆ ಒಟ್ಟೆ ತೊಳುಸ್ತಿತ್ತಲ್ಲ, ವಾಪಸ್ ತಂದ್ರೆ ನೀನ್ ಬೈತೀಯ ಅಂತ ಅವ್ರಿಗೇ ಕೊಡ್ತಿದ್ದೆ."

ಎಷ್ಟು ದಿನದಿಂದ ಅಂದೆ. ಒಂದೂವರೆ ತಿಂಗಳು, ಆಮೇಲೆ ಅದೇ ರೂಢಿಯಾಯಿತು ಅಂದ.

ಮೀನು ನೆನಪಾಯಿತು. ಕೆಟ್ಟಿದ್ದು ಮೀನಲ್ಲ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು, ಹುಡುಗನ ವಯಸ್ಸಿನವರು, ಇ.ಸಿ.ಜಿ. ಹಾಕುತ್ತ ಇವರು ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದರಾ ಎಂದು ಕೇಳಿದರು. ಜ್ವರದ ಮಾತ್ರೆಯನ್ನೂ ಮುಟ್ಟಿದವರಲ್ಲ ಅಂದರು ಹೊಂಬಾಳಮ್ಮ. ಡಾಕ್ಟರು ಬರೆದುಕೊಂಡು ತಿರುಗಿದರು. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ, ತೇಜು ಒಬ್ಬಳೇ ಆಗುತ್ತಾಳೆ, ಎಲ್ಲ ತಲೆಯಲ್ಲಿ ಬಂದು ಹೋಯಿತು. ಡಾಕ್ಟರು ನಾಲ್ಕು ಹೆಜ್ಜೆ ಹೋಗುವವರೆಗೂ ಸುಮ್ಮನಿದ್ದೆ. ಆ ನಾಲ್ಕು ಹೆಜ್ಜೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

"ಸಾರ್, ಡೈಸಲ್ಫಿರಾಮ್ ತಿಂದವ್ರೆ. ಅವ್ರಿಗ್ ಗೊತ್ತಿಲ್ಲ. ನಾನೇ ಮುದ್ದೇಲಿ ಆಕಿದ್ದು, ನನ್ ಗಂಡಂಗೆ ಅಂತ."

ಟಿಕೆಟ್ ಬ್ಯಾಗ್ ನಿನ್ನೆ ಹೆಗಲಲ್ಲಿರಲಿಲ್ಲ, ಪರ್ಸಿನಲ್ಲಿದ್ದ ಒಂದು ಸ್ಟ್ರಿಪ್ ತೆಗೆದು ಕೊಟ್ಟೆ. ಡಾಕ್ಟರು ಅದನ್ನು ನೋಡಿ, ನನ್ನನ್ನು ನೋಡಿ, ಒಳಗೆ ಓಡಿದರು. ಅವರು ಬೈದಿದ್ದರೆ ವಾಸಿಯಿತ್ತು. ಹೊಂಬಾಳಮ್ಮ ಅರ್ಥವಾಗದೆ ಒಬ್ಬೊಬ್ಬರ ಮುಖ ನೋಡುತ್ತಿದ್ದರು.

ಮಹದೇವು ಬೆಂಚಿನ ಮೇಲೆ ಕೂತ. ಅಂಗಿ ಜೇಬಿನಿಂದ ಒಂದು ಪೊಟ್ಟಣ ತೆಗೆದು ನಮ್ಮಿಬ್ಬರ ನಡುವೆ ಇಟ್ಟ. ಅದರಲ್ಲೂ ಮಾತ್ರೆ. ನಾಲ್ಟ್ರೆಕ್ಸೋನ್ ಅಂತ ಬರೆದಿತ್ತು. ಜೂನ್ ಹದಿನಾಲ್ಕರಿಂದ ಅದೇ ಡಾಕ್ಟರ ಹತ್ತಿರ ತಾನೇ ಹೋಗುತ್ತಿದ್ದಾನೆ. ರಕ್ತ ಪರೀಕ್ಷೆ ಮಾಡಿ, ಕುಡಿಯುವ ಆಸೆಯನ್ನೇ ತಗ್ಗಿಸುವ ಈ ಮಾತ್ರೆ ಕೊಟ್ಟರಂತೆ. ಮೊದಮೊದಲು ಹೊಟ್ಟೆ ತೊಳಸುತ್ತದೆ ಅಂತಲೂ ಹೇಳಿದ್ದರಂತೆ. ಖಾಸಗಿ ಬಸ್ಸು, ತಾಮ್ರದ ತಂತಿ, ಎರಡು ಸಲ ಹಲ್ಲುಜ್ಜಿದ್ದು, ಎಲ್ಲ ಇದಕ್ಕೇ. ನನಗೆ ಯಾಕೆ ಹೇಳಲಿಲ್ಲ ಅಂದೆ.

"ಏಳಿದ್ರೆ ನೀನ್ ದಿನಾ ಬಾಯ್ ತಗ್ಸಿ ನೋಡ್ತಿದ್ದೆ. ಇದೊಂದನ್ನ ನಾನೇ ಮಾಡ್ಬೇಕು ಅನ್ನುಸ್ತು ಕಣೆ."

ಜುಲೈ 30, ಬುಧವಾರ

ಶಿವಣ್ಣ ಉಳಿದುಕೊಂಡರು. ಇನ್ನು ಎರಡು ವಾರ ಒಂದು ಹನಿಯೂ ಮುಟ್ಟಬಾರದು, ಮಾತ್ರೆ ಮೈಯಲ್ಲಿ ಅಷ್ಟು ದಿನ ಇರುತ್ತದೆ ಅಂತ ಹೇಳಿ ಕಳಿಸಿದ್ದಾರೆ. ಆಸ್ಪತ್ರೆಯವರು ನನ್ನ ಹೇಳಿಕೆ ಬರೆಸಿಕೊಂಡರು. ಪೊಲೀಸರಿಗೆ ಶಿವಣ್ಣ, ದೂರು ಕೊಡಾಕಿಲ್ಲ, ಮುದ್ದೆ ತಿಂದವ್ನು ನಾನು ಅಂದರಂತೆ.

ಇವತ್ತು ಅವರ ಮನೆಗೆ ಹೋದೆ. ಹೊಂಬಾಳಮ್ಮ ಬಾಗಿಲಲ್ಲೇ ನಿಲ್ಲಿಸಿ, ಅಕ್ಕಪಕ್ಕದವರೆಲ್ಲ ಹೊರಗೆ ಬರುವ ಹಾಗೆ ಬೈದರು. ಒಂದು ಮಾತೂ ಸುಳ್ಳಲ್ಲ, ತಲೆ ತಗ್ಗಿಸಿಕೊಂಡು ಕೇಳಿದೆ. ಬೈದು ಸುಸ್ತಾಗಿ ಒಳಗೆ ಕರೆದು ಕಾಫಿ ಕೊಟ್ಟರು. ಶಿವಣ್ಣ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದರು. ಹೊರಡುವಾಗ ಹೊಂಬಾಳಮ್ಮ ಗೇಟಿನವರೆಗೂ ಬಂದು ದನಿ ತಗ್ಗಿಸಿದರು.

"ಉಳ್ದಿದ್ರೆ ಒಂದೆರಡು ನಂಗೂ ಕೊಡವ್ವ. ನಮ್ಮ ಅಳಿಯ ಬೋ ಕುಡೀತಾನೆ. ಅಕ್ಕಿರೊಟ್ಟೀಲಿ ಆಕಿದ್ರೆ ಗೊತ್ತಾಯ್ತದಾ?"

ಇವರ ಗಂಡ ಮೂರು ದಿನದ ಹಿಂದೆ ಸಾಯುತ್ತಿದ್ದರು! ಬೇಡಿ ಅಕ್ಕ ಅಂತ ಕೈ ಮುಗಿದೆ. ಇಲ್ಲ, ಎಲ್ಲ ಬಿಸಾಕಿದ್ದೇನೆ ಅಂದೆ. ದಾರಿಯುದ್ದಕ್ಕೂ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ನನ್ನ ಸ್ಟಾಪೇ ದಾಟಿ ಹೋದೆ.

ಆಗಸ್ಟ್ 1, ಶುಕ್ರವಾರ

ಊಟಕ್ಕೆ ಬಡಿಸಿದೆ. ಮಹದೇವು ಮುದ್ದೆಯನ್ನು ಎರಡು ಹೋಳು ಮಾಡಿ, ನಡುವೆ ಬೆರಳಾಡಿಸಿ ನೋಡಿ, ಆಮೇಲೆ ತಿಂದ. ನಮ್ಮ ಕಡೆ ಮುದ್ದೆಯನ್ನು ಹಾಗೆ ಬಗೆದು ನೋಡುವವರನ್ನು ನಾನು ಕಂಡಿಲ್ಲ. ತೇಜುವೂ ನೋಡಿದಳು.

ಮೈ ಉರಿದುಹೋಯಿತು. ಹದಿನೇಳು ವರ್ಷ ಇವನಿಗೆ ಬೇಯಿಸಿ ಹಾಕಿದ್ದೇನೆ. ಹದಿನೇಳು ವರ್ಷ ಇವನ ಬಾಯಿ ಮೂಸಿದ್ದೇನೆ ಎಂಬುದೂ ಆಮೇಲೆ ನೆನಪಾಯಿತು. ನೆನಪಾದರೂ ಸಿಟ್ಟು ಇಳಿಯಲಿಲ್ಲ.

ಆಗಸ್ಟ್ 4, ಸೋಮವಾರ

ಇವತ್ತೂ ಬಗೆದು ನೋಡಿದ.

ಆಗಸ್ಟ್ 10, ಭಾನುವಾರ

ನಿನ್ನೆ ಸಂಜೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ: "ಒಂದ್ ಆಕ್ಬುಟ್ಟೆ. ಮಜಾ ಬರ್ನಿಲ್ಲ, ಅರ್ಧಕ್ಕೇ ಬುಟ್ಟು ಎದ್ದ್ ಬಂದೆ. ಡಾಕ್ಟ್ರಿಗೆ ಪೋನ್ ಮಾಡಿ ಏಳಿವ್ನಿ." ಎಡವಿದರೆ ಎದ್ದು ನಡೆಯಬೇಕು, ಮಾತ್ರೆ ಬಿಡಬೇಡಿ ಅಂದರಂತೆ.

ಈ ಮನೆಯಲ್ಲಿ ಅವನು ಕೇಳದೆ ಹೇಳಿದ ಮೊದಲನೇ ನಿಜ ಇದು. ನನಗೆ ಸಮಾಧಾನ ಆಗಬೇಕಿತ್ತು. ನಾನು ಸೀದಾ ಟಿಕೆಟ್ ಬ್ಯಾಗಿನ ಹತ್ತಿರ ಹೋದೆ.

ಹೌದು, ಇನ್ನೊಂದು ಸ್ಟ್ರಿಪ್ ಇದೆ. ಎಲ್ಲವನ್ನೂ ಬಿಸಾಕಿದ್ದೇನೆ ಅಂತ ಎಲ್ಲರಿಗೂ ಹೇಳಿದ್ದೆ. ಮುದ್ದೆಗೆ ಹಾಕಲಿಕ್ಕೆ ಅಂತ ಅಲ್ಲ. ಇದೆ ಅಂತ ಗೊತ್ತಿದ್ದರೆ ಒಂದು ಧೈರ್ಯ, ಅಷ್ಟೇ. ಇವತ್ತು ಬೆಳಿಗ್ಗೆ ಎಸರು ಕುದಿಯುವಾಗ ಒಂದು ಮಾತ್ರೆ ಅಂಗೈಯಲ್ಲಿತ್ತು. ಅದು ಅಲ್ಲಿಗೆ ಹೇಗೆ ಬಂತೋ. ಒಂದೇ ಒಂದು, ಬರೀ ಇವತ್ತಿಗೆ ಅನ್ನಿಸಿತು. ತೇಜು ಕೆಮ್ಮಿದ ಸದ್ದಾಯಿತು, ಕಿಟಕಿ ಮೇಲಿಟ್ಟೆ. ಮುದ್ದೆ ಗಂಟುಗಂಟಾಯಿತು. ಮಹದೇವು ಆ ಗಂಟನ್ನೆಲ್ಲ ಒಂದೊಂದಾಗಿ ಒಡೆದು ನೋಡಿದ.

ಆಗಸ್ಟ್ 13, ಬುಧವಾರ

ಮದ್ದೂರಿನಲ್ಲಿ ಕುಡಿದವನೊಬ್ಬ ಹತ್ತಿದ. ಸಾಮಾನ್ಯವಾಗಿ ಮುಂದಿನ ಸ್ಟಾಪಿನಲ್ಲಿ ಇಳಿಸುತ್ತೇನೆ. ಇವತ್ತು ಕಿಟಕಿ ಪಕ್ಕ ಕೂರಿಸಿದೆ. ಮಳವಳ್ಳಿಯವರೆಗೂ ತೊಂದರೆ ಮಾಡಲಿಲ್ಲ. ಇಳಿಯುವಾಗ, ನಾಳೆಯಿಂದ ಬಿಟ್ಟೆ ಕಣಕ್ಕ ಅಂದ. ಬ್ಯಾಗಿನ ಒಳಜೇಬು ಮುಟ್ಟಿಕೊಂಡು, ನಾನೂ ಅಂದೆ. ಅವನಿಗೆ ತಿಳಿಯಲಿಲ್ಲ.

ಆಗಸ್ಟ್ 17, ಭಾನುವಾರ

ಮುದ್ದೆ ಮಾಡಿ, ಸೊಪ್ಪಿನ ಉಪ್ಸಾರು ಮಾಡಿ, ಮೂರು ತಟ್ಟೆಗೆ ಬಡಿಸಿದೆ. ಮಹದೇವುವಿನ ತಟ್ಟೆಯಲ್ಲಿ ಮುದ್ದೆಯ ಪಕ್ಕಕ್ಕೆ ಆ ಸ್ಟ್ರಿಪ್ಪನ್ನೂ ಇಟ್ಟೆ. ಒಂಬತ್ತು ಮಾತ್ರೆ ಇತ್ತು. ಹತ್ತನೆಯದು ಅಡುಗೆಮನೆಯ ಕಿಟಕಿ ಮೇಲಿತ್ತು, ಅದನ್ನೂ ತಂದು ಇಟ್ಟೆ.

"ಇಷ್ಟೇ. ಇನ್ನಿಲ್ಲ" ಅಂದೆ. ಮಗಳ ತಲೆ ಮೇಲೆ ಕೈಯಿಡಲು ಹೋಗಲಿಲ್ಲ.

ಅವನು ಸ್ಟ್ರಿಪ್ಪನ್ನು ನೋಡಿದ. ಎಣಿಸಲಿಲ್ಲ. ಎಲ್ಲವನ್ನೂ ಎತ್ತಿ ಅಂಗಿ ಜೇಬಿಗೆ ಹಾಕಿಕೊಂಡು, ಶನಿವಾರ ಡಾಕ್ಟರಿಗೆ ಕೊಟ್ಟು ಬರುತ್ತೇನೆ, ನೀನೂ ಬರುವ ಹಾಗಿದ್ದರೆ ನಿನ್ನ ಬಸ್ಸಿನಲ್ಲೇ ಹೋಗೋಣ ಅಂದ. ನಾನು ಸಾರಿನ ಪಾತ್ರೆ ಕಡೆ ತಿರುಗಿಕೊಂಡೆ. ಹಿಂದಿನಿಂದ ಕೈ ತೊಳೆದ ಸದ್ದು, ತಟ್ಟೆ ಎಳೆದುಕೊಂಡ ಸದ್ದು. ನೋಡಬಾರದು ಅಂದುಕೊಂಡಿದ್ದೆ, ನೋಡಿದೆ.

ಮುದ್ದೆಯನ್ನು ಬಗೆಯಲಿಲ್ಲ. ಮುರಿದು, ಸಾರಿಗೆ ಅದ್ದಿ, ನುಂಗಿದ. ಇನ್ನೊಂದು ತುತ್ತು ನುಂಗಿದ.

"ಉಪ್ಪು ಜಾಸ್ತಿ ಆಗ್ಬುಟ್ಟದೆ" ಅಂದ.

ಆಗಿತ್ತು.